ನಾಲ್ಕು ತಾಲ್ಲೂಕುಗಳ ರಿಮೋಟ್ ಶಕಟ ಮೀಮಾಂಸೆ

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಹೇಳಲೇಬೇಕು. ವಿಷಯ: ರಿಮೋಟ್ ಹಿಡಿದು, ಡಾಂಬರು ಬಿಟ್ಟು, ಕಲ್ಲುಮಣ್ಣಿನ ಮೇಲೆ ಓಡಿಸುವ ಆರ್‌ಸಿ ಕಾರು. ಅಧಿಕಾರಿ: ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ಪಾಂಡವಪುರ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಮಗನ ಹುಟ್ಟುಹಬ್ಬದ ನೆಪದಲ್ಲಿ ತನಗೇ ಒಂದು ಕೊಳ್ಳಲು ಹೊರಟ ಗೃಹಸ್ಥ. ಪ್ರಯೋಜನ: ಭಾನುವಾರ ಕಳೆಯುತ್ತದೆ. ಸಂಬಂಧ: ಮನೆಯಲ್ಲಿ ನಿಜವಾದ ಬೆಲೆ ಗೊತ್ತಾಗುವ ತನಕ ಚೆನ್ನಾಗಿರುತ್ತದೆ.

ಇನ್ನು ಪ್ರಾಚೀನತೆ. ಯಾವ ವಸ್ತುವಾದರೂ ಮೊದಲು ನಮ್ಮಲ್ಲೇ ಇತ್ತು ಎಂದು ಸಾಧಿಸದೆ ನಮ್ಮ ಕಡೆ ಪ್ರಬಂಧ ಎರಡನೇ ಪುಟಕ್ಕೆ ಹೋಗುವುದಿಲ್ಲ. ಟಿಪ್ಪುವಿನ ರಾಕೆಟ್ಟೇ ಈ ಕಾರಿನ ಮೂಲಪುರುಷ ಎಂಬುದು ಶ್ರೀರಂಗಪಟ್ಟಣ ಪಕ್ಷ. ಇದು ನಿಲ್ಲದು. ಕಬ್ಬಿಣದ ಕೊಳವೆಗೆ ಕಿಡಿ ಮುಟ್ಟಿಸಿದ ಮೇಲೆ ಅದನ್ನು ಎಡಕ್ಕೋ ಬಲಕ್ಕೋ ತಿರುಗಿಸುವ ಉಪಾಯ ಸುಲ್ತಾನನಿಗೂ ಇರಲಿಲ್ಲ. ರೇಡಿಯೊ ಅಲೆಯಿಂದ ವಾಹನ ನಡೆಸಿ ತೋರಿಸಿದವನು ನಿಕೊಲಾ ಟೆಸ್ಲಾ, 1898ರಲ್ಲಿ, ನ್ಯೂಯಾರ್ಕಿನಲ್ಲಿ, ಅದೂ ದೋಣಿ. ಮಣ್ಣಿಗಿಳಿಯುವ ಕಾರಿನ ಹುಚ್ಚು ಹಿಡಿಸಿದ್ದು ಜಪಾನಿನ ಟಮಿಯ ಕಂಪನಿ. 1979ರಲ್ಲಿ ರಫ್ ರೈಡರ್, ಸ್ಯಾಂಡ್ ಸ್ಕಾರ್ಚರ್ ಎಂಬ ಬಗ್ಗಿಗಳನ್ನು ಬಿಟ್ಟಿತು.

ಆದರೂ ಪಟ್ಟಣದವರ ಮಾನ ಉಳಿಸಲು ಒಂದು ಆಧಾರ ಕೊಡಬಲ್ಲೆ. ಟಿಪ್ಪುವಿನ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕದನದ ಚಿತ್ರವಿದೆಯಲ್ಲ, ಅದರಲ್ಲಿ ಇಂಗ್ಲಿಷರ ಕರ್ನಲ್ ಬೇಯ್ಲಿಯ ಪಡೆಯ ನಟ್ಟನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ. ಈ ಕಾರುಗಳಿಗೆ ಹಾಕುವ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯ ಬಗ್ಗೆ ಇಷ್ಟು ಹಳೆಯ ಎಚ್ಚರಿಕೆ ಫಲಕ ಜಗತ್ತಿನಲ್ಲಿ ಇನ್ನೆಲ್ಲೂ ಇರಲಾರದು. ಲಿಪೊ ಸೆಲ್ ಒಂದಕ್ಕೆ 4.2 ವೋಲ್ಟಿಗಿಂತ ಹೆಚ್ಚು ತುಂಬಿಸಬಾರದು, 3ರ ಕೆಳಗೆ ಇಳಿಸಬಾರದು, ವಾರಗಟ್ಟಲೆ ಎತ್ತಿಡುವುದಾದರೆ 3.8ರ ಹತ್ತಿರ ಇಡಬೇಕು. ಹಲಸಿನ ತೊಳೆಯ ಹಾಗೆ ಉಬ್ಬಿದ್ದನ್ನು ಚಾರ್ಜಿಗೆ ಹಾಕಲೇಬಾರದು. ಚಾರ್ಜಿಗೆ ಹಾಕಿ ರಂಗನಾಥನ ದರ್ಶನಕ್ಕೆ ಹೋಗುವವನನ್ನು ರಂಗನಾಥನೇ ಕಾಯಬೇಕು.

ಈಗ ವರ್ಗೀಕರಣ. ಮಾರುವವರು ಬಗ್ಗಿ, ಟ್ರಗ್ಗಿ, ಮಾನ್ಸ್ಟರ್, ಶಾರ್ಟ್ ಕೋರ್ಸ್, ಕ್ರಾಲರ್ ಎಂದು ಒಂದೇ ಉಸಿರಿನಲ್ಲಿ ಒದರಿ ಹೊಸಬನನ್ನು ಕಂಗೆಡಿಸುತ್ತಾರೆ. ಇದನ್ನೆಲ್ಲ ಹೊಯ್ಸಳರು ಹದಿಮೂರನೇ ಶತಮಾನದಲ್ಲೇ ಕೆ.ಆರ್. ಪೇಟೆಯ ಪಕ್ಕದ ಹೊಸಹೊಳಲಿನಲ್ಲಿ ಕೆತ್ತಿಸಿಟ್ಟಿದ್ದಾರೆ ಎಂಬುದೇ ಪ್ರಸ್ತುತ ಪ್ರಬಂಧದ ಮೂಲ ಕೊಡುಗೆ. ಲಕ್ಷ್ಮೀನಾರಾಯಣ ಗುಡಿಯ ಗೋಡೆಯ ಬುಡದಲ್ಲಿ ಆರು ಪಟ್ಟಿಕೆಗಳಿವೆ: ಆನೆ, ಕುದುರೆ ಸವಾರ, ಬಳ್ಳಿ, ಪುರಾಣಕಥೆ, ಮಕರ, ಹಂಸ. ಕೆಳಗಿನಿಂದ ಓದಿಕೊಂಡು ಹೋಗಿ.

ಆನೆಯೇ ಮಾನ್ಸ್ಟರ್ ಟ್ರಕ್. ದೊಡ್ಡ ಟೈರು, ಎತ್ತರದ ಹೊಟ್ಟೆ, ಹೊಲದ ಬದುವನ್ನೂ ಲೆಕ್ಕಿಸದು. ಎತ್ತರವೇ ಅದರ ಶತ್ರು. ವೇಗದಲ್ಲಿ ತಿರುಗಿಸಿದರೆ ಮಗುಚಿಕೊಂಡು ನಾಲ್ಕೂ ಚಕ್ರ ಆಕಾಶಕ್ಕೆ ತೋರಿಸುತ್ತದೆ. ಕುದುರೆಯೇ ಬಗ್ಗಿ: ತಗ್ಗು ಮೈ, ಮುಳ್ಳುಮುಳ್ಳು ಟೈರು, ಹಿಂದೆ ರೆಕ್ಕೆ. ಹದವಾದ ಮಣ್ಣಿನಲ್ಲಿ ಇದರಷ್ಟು ಚೊಕ್ಕವಾಗಿ ತಿರುಗುವುದು ಬೇರೆ ಇಲ್ಲ, ಆದರೆ ಮೊಣಕಾಲೆತ್ತರದ ಹುಲ್ಲಿಗೆ ಬಿಟ್ಟಿರೋ, ಹುಡುಕಲು ನಾಯಿ ಬೇಕು. ಬಳ್ಳಿಯ ಪಟ್ಟಿಕೆ ಹಳೆಯ 27 ಮೆಗಾಹರ್ಟ್ಜ್ ಕಾರುಗಳ ಉದ್ದನೆಯ ಆಂಟೆನಾ ತಂತಿ ಎಂದು ಧಾರಾಳವಾಗಿ ಹೇಳಬಹುದು. ಆ ಕಾಲದಲ್ಲಿ ಇಬ್ಬರ ಹತ್ತಿರ ಒಂದೇ ಆವರ್ತನದ ಕ್ರಿಸ್ಟಲ್ ಇದ್ದರೆ ಒಬ್ಬನ ಕಾರು ಇನ್ನೊಬ್ಬನ ಮಾತು ಕೇಳುತ್ತಿತ್ತು. 2.4 ಗಿಗಾಹರ್ಟ್ಜ್ ಬಂದ ಮೇಲೆ ಆ ಜಗಳ ಮುಗಿಯಿತು.

ಕಥಾಪಟ್ಟಿಕೆ ಶಾರ್ಟ್ ಕೋರ್ಸ್ ಟ್ರಕ್. ಅಮೆರಿಕದ ಮಣ್ಣಿನ ರೇಸಿನ ದೊಡ್ಡ ಟ್ರಕ್ಕುಗಳ ಕಥೆಯನ್ನು ಸಣ್ಣದಾಗಿ ಹೇಳುವುದೇ ಇದರ ಕಸುಬು. 2008ರಲ್ಲಿ ಟ್ರಾಕ್ಸಾಸ್ ಕಂಪನಿಯ ಸ್ಲ್ಯಾಶ್ ಬಂದ ಮೇಲೆ ಹಬ್ಬಿತು. ಚಕ್ರ ಮುಚ್ಚಿದ ಅಗಲ ಬಾಡಿ ಇರುವುದರಿಂದ ಬೇಲಿಗೆ ಗುದ್ದಿದರೂ ಮೊದಲ ಪೆಟ್ಟು ಬಾಡಿಗೆ. ಹಾರಿಸಿದಾಗ ಅದೇ ಬಾಡಿ ಗಾಳಿ ತುಂಬಿಕೊಂಡು ಮೂತಿ ಮೇಲೆತ್ತುತ್ತದೆ. ಬಲ್ಲವರು ಹಿಂಬದಿಗೆ ತೂತು ಕೊರೆಯುತ್ತಾರೆ. ಮಕರವೆಂದರೆ ಆನೆಯ ಸೊಂಡಿಲು, ಸಿಂಹದ ಕಾಲು, ನವಿಲಿನ ಬಾಲ. ಬಗ್ಗಿಯ ಮೈಗೆ ಟ್ರಕ್ಕಿನ ಚಕ್ರ ಹಾಕಿದ ಟ್ರಗ್ಗಿಗೆ ಇದಕ್ಕಿಂತ ಹತ್ತಿರದ ಬಂಧು ಯಾರಿದ್ದಾರೆ?

ಎಲ್ಲಕ್ಕೂ ಮೇಲೆ ಹಂಸ. ಅದೇ ಕ್ರಾಲರ್. ವೇಗ ಕೇಳಬೇಡಿ, ಮನುಷ್ಯ ನಡೆದಷ್ಟು. ಇದರ ಡಿಫರೆನ್ಷಿಯಲ್ ಲಾಕ್ ಆಗಿರುತ್ತದೆ, ಅಂದರೆ ಒಂದು ಚಕ್ರ ಗಾಳಿಯಲ್ಲಿ ತೇಲುತ್ತಿದ್ದರೂ ಜೊತೆಯದು ಅಷ್ಟೇ ಬಲದಿಂದ ಕಲ್ಲನ್ನು ತಬ್ಬುತ್ತದೆ. ಪಾಂಡವಪುರದ ಕುಂತಿಬೆಟ್ಟದ ಬಂಡೆಗಳಿಗೆ ಹೇಳಿ ಮಾಡಿಸಿದ ಗಾಡಿ. ಮೆತ್ತನೆಯ ರಬ್ಬರ್ ಟೈರು ಬಂಡೆಯ ಸೀಳಿಗೆ ಒತ್ತಿಕೊಂಡು, ಒಂದು ಕ್ಷಣ ಯೋಚಿಸಿ, ಹಿಂದಿನ ಚಕ್ರ ಅರ್ಧ ಸುತ್ತು ಜಾರಿ ಮತ್ತೆ ಕಚ್ಚಿ, ಮೇಲೇರುತ್ತದೆ. ನೋಡುತ್ತ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ನನ್ನ ಪಕ್ಷಪಾತ ಇಲ್ಲೇ ಇದೆ, ಮುಚ್ಚಿಡುವುದಿಲ್ಲ.

ಅದೇ ತಾಲ್ಲೂಕಿನ ಮೇಲುಕೋಟೆಯ ನೆರಳಿನಲ್ಲಿ ಇನ್ನೊಂದು ತತ್ತ್ವವೂ ತೀರ್ಮಾನವಾಗಬೇಕು. ಶ್ರೀವೈಷ್ಣವರಲ್ಲಿ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ಎಂದಿವೆ: ಕೋತಿಮರಿ ತಾಯಿಯನ್ನು ತಾನೇ ಬಿಗಿಹಿಡಿಯಬೇಕು, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಬಿಡಿಭಾಗ ಜೋಡಿಸಿಕೊಳ್ಳುವ ಕಿಟ್ ಮರ್ಕಟ ನ್ಯಾಯ. ಡಬ್ಬಿಯಿಂದ ತೆಗೆದು ಓಡಿಸುವ ‘ರೆಡಿ ಟು ರನ್’ ಮಾರ್ಜಾಲ ನ್ಯಾಯ. ಹೊಸಬ ಮಾರ್ಜಾಲನಾಗಿಯೇ ಶುರುಮಾಡಲಿ. ಮೊದಲ ಸಲ ಗುದ್ದಿ ಚಕ್ರ ಹಿಡಿದ ಆರ್ಮ್ ಮುರಿದ ದಿನ ತಾನಾಗಿಯೇ ಮರ್ಕಟನಾಗುತ್ತಾನೆ.

ಶಾಸ್ತ್ರ ಹೀಗಿದ್ದರೂ ತೀರ್ಪು ಕೊಡುವುದು ಮಣ್ಣು. ಶ್ರೀರಂಗಪಟ್ಟಣದ ನಾಲೆ ಬಯಲಿನಲ್ಲಿ ನಾಟಿಯ ಕಾಲಕ್ಕೆ ಯಾವ ಗಾಡಿಯೂ ಬೇಡ. ‘ವಾಟರ್‌ಪ್ರೂಫ್’ ಎಂದು ಬರೆದಿದ್ದರೆ ನೀರು ತಡೆಯುವುದು ಒಳಗಿನ ಎಲೆಕ್ಟ್ರಾನಿಕ್ಸ್ ಮಾತ್ರ. ಬೇರಿಂಗ್ ತುಕ್ಕು ಹಿಡಿಯುತ್ತದೆ, ಒಣಗಿದ ಗದ್ದೆಮಣ್ಣು ಸಿಮೆಂಟಿನಂತೆ ಕೂರುತ್ತದೆ. ಕಬ್ಬು ಕಡಿದ ಹೊಲದಲ್ಲಿ ತರಗು ಆಕ್ಸಲ್ಲಿಗೆ ಸುತ್ತಿಕೊಂಡು ಮೋಟಾರು ಕಾದು ಹೊಗೆಯಾಡುತ್ತದೆ. ನಾಗಮಂಗಲದ ಕೆಮ್ಮಣ್ಣು, ಗರಸು, ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳ ಶಾರ್ಟ್ ಕೋರ್ಸಿಗೂ ಟ್ರಗ್ಗಿಗೂ ಸ್ವರ್ಗ. ಆದಿಚುಂಚನಗಿರಿಯ ನವಿಲುಧಾಮ, ಶ್ರೀರಂಗಪಟ್ಟಣದ ರಂಗನತಿಟ್ಟು ಪಕ್ಷಿಧಾಮ ಇವುಗಳ ಸುತ್ತ ಮಾತ್ರ ರಿಮೋಟ್ ಜೇಬಿನಲ್ಲಿರಲಿ.

ಪೂರ್ವಪಕ್ಷಕ್ಕೂ ಜಾಗ ಕೊಡಬೇಕು. ರಸ್ತೆಯ ಮೇಲೆ ಹುರುಳಿ ಹರಡಿ ಗಾಡಿಗಳ ಚಕ್ರದಿಂದಲೇ ಒಕ್ಕಣೆ ಮಾಡಿಸುವ ಸೀಮೆ ಇದು.

“ಏನ್ಲಾ ಮಗಾ ಇದು?”

“ಮಾನ್ಸ್ಟರ್ ಟ್ರಕ್ ಕಣ್ ತಾತ.”

“ಹುರುಳಿ ಮ್ಯಾಲ್ ಒಂದ್ ನಾಕ್ ಸಲ ಹೊಡಿ, ನೋಡಾನ.”

ಹೊಡೆದಾಯಿತು. ಒಂದು ಕಾಯಿಯೂ ಒಡೆಯಲಿಲ್ಲ. “ಮತ್ಯಾಕ್ಲಾ ಇದು?” ಎಂಬ ಆಕ್ಷೇಪಕ್ಕೆ ಸಿದ್ಧಾಂತಿಗಳು ಇನ್ನೂ ಉತ್ತರ ಬರೆದಿಲ್ಲ.

ಸಿದ್ಧಾಂತ: ನಾಲ್ಕೂ ತಾಲ್ಲೂಕಿನ ಹೊಸಬರಿಗೆ 1:10 ಅಳತೆಯ, ಬ್ರಷ್ ಮೋಟಾರಿನ ಶಾರ್ಟ್ ಕೋರ್ಸ್ ಟ್ರಕ್ ಸಾಕು, ಬೆಟ್ಟದ ಬುಡದಲ್ಲಿ ಮನೆಯಿದ್ದರೆ ಕ್ರಾಲರ್. ಬ್ರಷ್‌ಲೆಸ್ ಮೋಟಾರಿನ ವೇಗವೂ ನೈಟ್ರೊ ಇಂಜಿನ್ನಿನ ಹೊಗೆಯೂ ಮುಂದಿನ ವರ್ಷಕ್ಕಿರಲಿ. ಕೊಳ್ಳುವಾಗ ವೇಗ ಆಮೇಲೆ ವಿಚಾರಿಸಿ, ಮುಂದಿನ ಆರ್ಮ್ ಬಿಡಿಯಾಗಿ ಸಿಗುತ್ತದೆಯೇ ಎಂದು ಮೊದಲು ಕೇಳಿ. ಸಿಗುವುದಿಲ್ಲವೆಂದರೆ ಬೇರೆ ಅಂಗಡಿ ನೋಡಿಕೊಳ್ಳಿ.