ಲಗ್ನಪತ್ರಿಕೆ: ಒಂದು ಶಾಸನಶಾಸ್ತ್ರೀಯ ವಿವೇಚನೆ

ಲಗ್ನಪತ್ರಿಕೆಯನ್ನು ಅಚ್ಚು ಹಾಕಿಸುವುದು ಜನರನ್ನು ಮದುವೆಗೆ ಕರೆಯಲು ಎಂಬ ನಂಬಿಕೆ ಲೋಕದಲ್ಲಿ ಬೇರೂರಿದೆ. ವಿದ್ವಾಂಸರು ಇದನ್ನು ಪರೀಕ್ಷಿಸಿದಂತೆ ಕಾಣುವುದಿಲ್ಲ. ಪರೀಕ್ಷಿಸಿದರೆ ಅದು ಮೊದಲ ಮಡಿಕೆಯಲ್ಲೇ ಹರಿಯುತ್ತದೆ. ಬರುವವರಿಗೆ ಬೇಕಾದದ್ದು ಮೂರೇ ಸಂಗತಿ: ಯಾವ ದಿನ, ಯಾವ ಛತ್ರ, ಊಟ ಎಷ್ಟು ಹೊತ್ತಿಗೆ. ಮೊದಲೆರಡು ಪತ್ರಿಕೆಯ ಬುಡದಲ್ಲಿ ಮುದುಡಿಕೊಂಡಿರುತ್ತವೆ, ಮೂರನೆಯದು ಎಷ್ಟೋ ಸಲ ಇರುವುದೇ ಇಲ್ಲ. ಹತ್ತಿರದವರನ್ನಂತೂ ಮನೆಗೇ ಹೋಗಿ ಅರಿಶಿನ ಕುಂಕುಮ ಕೊಟ್ಟು ಬಾಯ್ತುಂಬ ಕರೆದಾಗಿರುತ್ತದೆ. ಹಾಗಿದ್ದಮೇಲೆ ಉಳಿದ ಮುಕ್ಕಾಲು ಪಾಲು ಜಾಗದಲ್ಲಿ ತುಂಬಿರುವುದೇನು? ಪ್ರಸ್ತುತ ಪ್ರಬಂಧದ ಪ್ರಮೇಯ ಇಷ್ಟೇ: ಲಗ್ನಪತ್ರಿಕೆ ಕರೆಯೋಲೆಯಲ್ಲ, ಶಾಸನ. ಅದನ್ನು ವಿನ್ಯಾಸಗೊಳಿಸುವ ಸಣ್ಣ ಅಂಗಡಿಯವರ ಸಕಲ ಸಂಕಟಗಳೂ ಈ ಸತ್ಯವನ್ನರಿಯದೆ ತಾವು ಕಾರ್ಡು ಮಾರುತ್ತಿದ್ದೇವೆಂದು ಭ್ರಮಿಸಿದ್ದರ ಫಲ.

ಒಂದು ಹಳೆಯ ದಾನಶಾಸನವನ್ನೂ ಒಂದು ಲಗ್ನಪತ್ರಿಕೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕಲ್ಲಿನ ನೆತ್ತಿಯಲ್ಲಿ ಲಿಂಗವೋ ಜಿನನೋ, ಜೊತೆಗೆ ಸೂರ್ಯಚಂದ್ರರು; ಪತ್ರಿಕೆಯ ನೆತ್ತಿಯಲ್ಲಿ ಗಣಪತಿ, ಎಡಬಲಕ್ಕೆ ಎರಡೂ ಕಡೆಯ ಮನೆದೇವರು. ಆಮೇಲೆ ದೇವತಾಸ್ತುತಿ, ಅದರ ಬೆನ್ನಿಗೆ ವಂಶಾವಳಿ ಮತ್ತು ಬಿರುದುಗಳು. ಅಲ್ಲಿಯ ಮಹಾಮಂಡಳೇಶ್ವರ ‘ಸಮಧಿಗತ ಪಂಚಮಹಾಶಬ್ದ’ನಾದರೆ ಇಲ್ಲಿಯ ವರ ಬಿ.ಇ., ಎಂ.ಬಿ.ಎ., ಅವನ ದೊಡ್ಡಪ್ಪ ಗ್ರಾಮ ಪಂಚಾಯಿತಿಯ ಮಾಜಿ ಉಪಾಧ್ಯಕ್ಷರು. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎರಡರಲ್ಲೂ ಒಂದೇ ಕ್ರಮ. (ಶಕ 1948ರ ಸಂವತ್ಸರದ ಹೆಸರು ಪರಾಭವ. ಅದನ್ನು ಬಿಡುವಂತಿಲ್ಲ, ಓದುವಂತೆ ಹಾಕುವಂತೆಯೂ ಇಲ್ಲ; ಆ ಒಂದು ಪದವನ್ನು ಎಷ್ಟು ಸಣ್ಣದಾಗಿ ಕೂರಿಸಬಹುದೆಂಬುದೇ ವಿನ್ಯಾಸಕಾರನ ಪರೀಕ್ಷೆ.) ಕಡೆಗೆ ಸಾಕ್ಷಿಗಳ ಪಟ್ಟಿ, ಇಲ್ಲಿ ಅದರ ಹೆಸರು ‘ಸುಖಾಗಮನ ಬಯಸುವವರು’. ಶಾಸನದ ತುದಿಯಲ್ಲಿ ಶಾಪಾಶಯವೂ ಇರುತ್ತದೆ: ದತ್ತಿಯನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ. ಪತ್ರಿಕೆಯಲ್ಲಿ ಇದನ್ನು ಅಚ್ಚು ಮಾಡುವುದಿಲ್ಲ. ಸೋದರಮಾವನ ಹೆಸರು ಬಿಟ್ಟುಹೋದಾಗ ಅಂಗಡಿಗೇ ಬಂದು ಬಾಯಿಮಾತಿನಲ್ಲಿ ತಲುಪಿಸುತ್ತಾರೆ.

ಹೀಗೆ ನೋಡಿದಾಗ, ಗಿರಾಕಿಯ ಚಪಲ ಎಂದು ತೋರುವುದೆಲ್ಲ ರಾಜಕಾರ್ಯವೆಂದು ತಿಳಿಯುತ್ತದೆ. ಚಿಕ್ಕಪ್ಪನ ಹೆಸರು ದೊಡ್ಡಪ್ಪನ ಹೆಸರಿಗಿಂತ ಎಳ್ಳಷ್ಟು ದಪ್ಪಗೆ ಬಿದ್ದರೆ ಅದು ಅಕ್ಷರವಿನ್ಯಾಸದ ದೋಷವಲ್ಲ, ಪಾಳುಬಿದ್ದ ಆಸ್ತಿ ವ್ಯಾಜ್ಯದ ಪುನರುತ್ಥಾನ. ‘ಶ್ರೀ’ ಇರಬೇಕಾದಲ್ಲಿ ‘ದಿ||’ ಬಂದು, ಬದುಕಿರುವ ಭಾವ ದಿವಂಗತರಾದರೆ ಕ್ಷಮೆಯೆಂಬುದೇ ಇಲ್ಲ. ಹೆಸರುಗಳ ಆ ಪಟ್ಟಿಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದವರು ಸ್ವತಃ ಅವರ ಹೆಂಡತಿಯೇ ಆಗಿದ್ದರೂ ಸರಿ. ಶಾಸನಕ್ಕೆ ಒಬ್ಬನೇ ಅರಸ, ಪತ್ರಿಕೆಗೆ ಎರಡು ರಾಜವಂಶ. ಮೇಲಾಗಿ ಎರಡೂ ಕಡೆ ಯುವರಾಜರು, ರಾಜಮಾತೆಯರು, ಅಮೆರಿಕದಿಂದ ರಾತ್ರಿ ಎರಡು ಗಂಟೆಗೆ ಬಣ್ಣ ಬದಲಿಸಲು ಆಜ್ಞಾಪಿಸುವ ಸಾಮಂತರು. ಇನ್ನು ಲಿಪಿಯ ಕಷ್ಟ. ‘ನುಡಿ’ ತಂತ್ರಾಂಶದಲ್ಲಿ ಟೈಪಾದದ್ದು ಯೂನಿಕೋಡ್ ಆಗದೆ ಫೋನಿಗೆ ಹೋದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಭಾರತೀಯ ಲಿಪಿಗಳ ಅರಿವಿಲ್ಲದ ತಂತ್ರಾಂಶಕ್ಕೆ ಸಿಕ್ಕಿದ ಜ್ಯೋತ್ಸ್ನಾ ಎಂಬ ವಧು ಒತ್ತಕ್ಷರಗಳನ್ನೆಲ್ಲ ಕಳಚಿಕೊಂಡು ನಿಲ್ಲುತ್ತಾಳೆ.

ಆದರೆ ಮೂಲವ್ಯಾಧಿ ಇರುವುದು ಬೇರೆ ಕಡೆ. ಕಲ್ಲನ್ನು ತಿದ್ದುವುದು ಕಷ್ಟ. ಆದ್ದರಿಂದ ಬರೆಸುವವನು ಉಳಿ ಕಲ್ಲಿಗೆ ತಾಗುವ ಮೊದಲೇ ಯೋಚಿಸುತ್ತಿದ್ದ. ಅಚ್ಚುಮೊಳೆಯ ಕಾಲದಲ್ಲೂ ಮೊಳೆ ಕಿತ್ತು ಜೋಡಿಸುವವನ ಮುಖ ನೋಡಿ ಗಿರಾಕಿಗೆ ಒಂದಿಷ್ಟು ಸಂಕೋಚವಿತ್ತು. ತೆರೆಯ ಮೇಲೆ ಅಳಿಸುವುದು ಪುಕ್ಕಟೆಯಾದ ದಿನ ಯೋಚನೆಯ ಕೆಲಸವೂ ಗಿರಾಕಿಯ ಮನೆಯಿಂದ ಅಂಗಡಿಯ ಕಂಪ್ಯೂಟರಿಗೆ ವರ್ಗವಾಯಿತು. ಅದಕ್ಕೆ ಸಂಬಳ ಮಾತ್ರ ನಿಗದಿಯಾಗಲಿಲ್ಲ. ತಿದ್ದುಪಡಿಗಳ ಸಂಖ್ಯೆ ತಿದ್ದುವ ಖರ್ಚಿಗೆ ವಿಲೋಮವಾಗಿ ಬೆಳೆಯುತ್ತದೆ ಎಂಬುದನ್ನು ಈ ಶಾಸ್ತ್ರದ ಮೊದಲ ಸೂತ್ರವೆನ್ನಬಹುದು.

ಇಲ್ಲಿ ಆಕ್ಷೇಪಗಳು ಏಳುತ್ತವೆ. ಶಾಸನ ಶಾಶ್ವತ, ಪತ್ರಿಕೆಯಾದರೋ ಮದುವೆಯ ಮಾರನೇ ದಿನ ರದ್ದಿ ಎನ್ನುವವರುಂಟು. ಅವರು ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಿ ವಿಚಾರಿಸಲಿ: ಹಿಂದೂ ವಿವಾಹ ಕಾಯ್ದೆಯಡಿ ಮದುವೆ ನೋಂದಾಯಿಸುವಾಗ ಫೋಟೊ, ವಿಳಾಸದ ಪುರಾವೆಗಳ ಜೊತೆ ಲಗ್ನಪತ್ರಿಕೆಯನ್ನೂ ಕೇಳುತ್ತಾರೆ. ಸರ್ಕಾರವೇ ದಾಖಲೆಯೆಂದು ಒಪ್ಪಿದ್ದನ್ನು ರದ್ದಿ ಎನ್ನಲು ನಾವು ಯಾರು? ಮೊಬೈಲಿಗೆ ಬರುವ ಪಿಡಿಎಫ್, ವಿಡಿಯೊಗಳು ಬಂದಮೇಲೆ ಇದೆಲ್ಲ ಮುಗಿಯಿತು ಎಂಬ ಮಾತು ಇನ್ನೂ ಹಗುರ. ಕಾಗದಕ್ಕೆ ಅಂಚಿತ್ತು, ಪಿಡಿಎಫ್‌ಗೆ ಅದೂ ಇಲ್ಲವಾಗಿ ಸುಖಾಗಮನ ಬಯಸುವವರ ಸಂತತಿ ಬೆಳೆದಿದೆ, ‘ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ’ ಎನ್ನುವ ಪುಟಾಣಿಗಳ ಫೋಟೊಗಳೂ ಸೇರಿವೆ. ಪ್ಲೇಟ್ ಪ್ರೆಸ್ಸಿಗೆ ಹೋಯಿತೆಂದರೆ ಜಗಳ ನಿಲ್ಲುತ್ತಿತ್ತು, ಈಗ ಧಾರೆಯ ಬೆಳಗ್ಗೆಯೂ ನಿಲ್ಲುವುದಿಲ್ಲ. ಅಲ್ಲದೆ ಕಾರ್ಡೇ ಬೇಡವೆಂದವರೂ ಕೊನೆಗೆ ನೂರು ಪ್ರತಿಯಾದರೂ ಮಾಡಿಸುತ್ತಾರೆ, ಮೊದಲನೆಯದನ್ನು ಮನೆದೇವರ ಮುಂದಿಡುತ್ತಾರೆ. ನಮ್ಮ ಎಷ್ಟೋ ಶಾಸನಗಳು ನಿಂತಿರುವುದೂ ದೇವಸ್ಥಾನದ ಅಂಗಳದಲ್ಲೇ ಅಲ್ಲವೆ?

ಹೋಲಿಕೆ ಮುರಿಯುವುದು ಒಂದೇ ಕಡೆ, ಅದೂ ಅನ್ಯಾಯವಾಗಿ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ತನ್ನ ಹೆಸರು ಹೇಳಿದ್ದಲ್ಲದೆ ತಾನು ಕಾಳಿದಾಸ, ಭಾರವಿಯರಿಗೆ ಸಮನೆಂದೂ ಬರೆದುಕೊಂಡ. ಪುಲಿಕೇಶಿ ಅದನ್ನು ಹೊಡೆದುಹಾಕಿಸಲಿಲ್ಲ. ಸೋಮನಾಥಪುರದಲ್ಲಿ ಶಿಲ್ಪಿ ಮಲ್ಲಿತಮ್ಮ ವಿಗ್ರಹಗಳ ಬುಡದಲ್ಲಿ ತನ್ನ ಹೆಸರು ಕೊರೆದ. ವಿಜಯನಗರದ ತಾಮ್ರಪಟಗಳಲ್ಲಿ ರಚಿಸಿದ ಸಭಾಪತಿಯೂ ಕೊರೆದ ವೀರಣಾಚಾರ್ಯನೂ ಉಳಿದಿದ್ದಾರೆ. ಲಕೋಟೆಯ ಹಿಂದೆ ಮುದ್ರಕರ ಹೆಸರಿರುತ್ತದಲ್ಲ ಎಂದರೆ, ಇರುತ್ತದೆ: ಅಂಟು ಹಚ್ಚುವ ಜಾಗದ ಕೆಳಗೆ, ಅದೂ ಪ್ರೆಸ್ಸಿನ ಹೆಸರು. ಗಣಪತಿಯನ್ನು ಏಳು ಬಾರಿ ಎಡಕ್ಕೂ ಬಲಕ್ಕೂ ಸರಿಸಿದವರದಲ್ಲ.

ಆದ್ದರಿಂದ ಈ ವೈಶಾಖದಲ್ಲಿ ಮನೆಯಲ್ಲಿ ಮದುವೆ ಇಟ್ಟುಕೊಂಡಿರುವವರಲ್ಲಿ ವಿನಂತಿ: ಹೆಸರುಗಳ ಪಟ್ಟಿಯನ್ನು ಕಾಗದದಲ್ಲಿ ಬರೆದು, ಎರಡೂ ಕಡೆಯ ಹಿರಿಯರಿಂದ ರುಜು ಹಾಕಿಸಿ, ಅರ್ಧ ಹಣ ಮುಂಗಡ ಹಿಡಿದುಕೊಂಡು ಅಂಗಡಿಗೆ ಬನ್ನಿ. ಬರುವಾಗ ಸೋದರಮಾವನನ್ನೂ ಕರೆತನ್ನಿ.