ಮೆಣಸು ಹಾಕದ ಕಷಾಯ

ಅಡಿಲೇಡಿನಲ್ಲಿ ಕೆಲಸಕ್ಕಿರುವ ಅಣ್ಣನ ಮಗ ಈ ಸಲ ಶಿರಸಿಗೆ ಬರುವಾಗ ಎರಡು ಬನಿಯನ್ ಸುತ್ತಿ ಒಂದು ಬಾಟಲಿ ಶಿರಾಜ್ ವೈನ್ ತಂದಿದ್ದ. ಅಮ್ಮ ಮಲಗಿದ್ದಾಳೆಂದು ಖಾತ್ರಿ ಮಾಡಿಕೊಂಡು ಹಿಂದಿನ ಜಗಲಿಯಲ್ಲಿ ಕೂತೆವು. ಸಿನಿಮಾದಲ್ಲಿ ನೋಡಿದಂತೆ ಬಿರಡೆ ಕೀಳುವ ವೈಭವವೇನೂ ಇರಲಿಲ್ಲ. ಕೆಮ್ಮಿನ ಔಷಧಿಗಿರುವಂಥ ತಿರುಪಿನ ಮುಚ್ಚಳ. ನನ್ನ ಅರ್ಧ ಭಕ್ತಿ ಅಲ್ಲೇ ಇಳಿಯಿತು.

ಬಣ್ಣ ಮಾತ್ರ ಭರ್ಜರಿ, ನೇರಳೆ ಹಣ್ಣು ತಿಂದ ಹುಡುಗನ ನಾಲಿಗೆಯಂತೆ.

‘ಚಿಕ್ಕಪ್ಪ, ಮೊದಲು ಮೂಸಿ ನೋಡು. ಕಾಳುಮೆಣಸು ಸಿಗ್ತದೆ.’

ನಲವತ್ತು ವರ್ಷದಿಂದ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ಬಂದವನಿಗೆ ಮೆಣಸಿನ ಪಾಠ! ಮೂಸಿದೆ. ಹಣ್ಣಿನ ವಾಸನೆ ಬಂತು, ಸುಟ್ಟ ಕಟ್ಟಿಗೆಯದೂ ಬಂತು. ಮೆಣಸು ಬರಲಿಲ್ಲ. ಒಂದು ಗುಟುಕು ಕುಡಿದೆ. ಎಳೆ ಅಡಿಕೆ ಅಗಿದಂತೆ ಒಗರು. ವೈನ್ ಬಲ್ಲವರು ಇದನ್ನು ಟ್ಯಾನಿನ್ ಎಂದು ಕಣ್ಣು ಮುಚ್ಚಿ ಹೇಳುತ್ತಾರಂತೆ. ನಮ್ಮ ಕಡೆ ಕವಳ ಹಾಕುವವರಿಗೆಲ್ಲ ಅದು ದಿನಕ್ಕೆ ಹತ್ತು ಸಲದ ಅನುಭವ.

ಹುಡುಗ ವಿವರಿಸಿದ. ರೋಟಂಡೋನ್ ಎಂಬ ರಾಸಾಯನಿಕವೊಂದಿದೆ, ಕಾಳುಮೆಣಸಿಗೂ ಶಿರಾಜಿಗೂ ಆ ಘಮ ಕೊಡುವುದು ಅದೇ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ತಂಪು ಸೀಮೆಯ ದ್ರಾಕ್ಷಿಯಲ್ಲಿ ಅದು ಜಾಸ್ತಿ. ಬರೋಸಾ ಕಣಿವೆಯಂಥ ಬಿಸಿಲಿನ ಜಾಗದಲ್ಲಿ ಮೆಣಸು ಹಿಂದೆ ಸರಿದು ಹಣ್ಣಿನ ಪಾಕವೇ ಮುಂದಾಗುತ್ತದೆ. ಪರೀಕ್ಷೆಗೆ ಕೂತವರಲ್ಲಿ ಸುಮಾರು ಐದರಲ್ಲೊಬ್ಬರ ಮೂಗಿಗೆ ಅದು ತಿಳಿಯಲೇ ಇಲ್ಲವಂತೆ. ಆ ಐದನೆಯವನು ಯಾರೆಂದು ಅವನು ಹೇಳಲಿಲ್ಲ, ಸಭ್ಯ ಹುಡುಗ.

ಮಾತು ತಿರುಗಿಸಲು, ‘ಶಿರಾಜ್ ಅಂದರೆ ಇರಾನಿನ ಊರಲ್ಲವೋ?’ ಎಂದೆ. ಅದೂ ಸುಳ್ಳಂತೆ. ಊರೇನೋ ಇದೆ, ಹಳೆಯ ಕಾಲದಲ್ಲಿ ಅಲ್ಲಿಯ ವೈನಿಗೂ ಹೆಸರಿತ್ತು. ಆದರೆ ಈ ದ್ರಾಕ್ಷಿ ಫ್ರಾನ್ಸಿನದು. ಅಲ್ಲಿ ಇದರ ಹೆಸರು ಸಿರಾ. 1990ರ ದಶಕದ ಕೊನೆಯಲ್ಲಿ ಡಿಎನ್‌ಎ ನೋಡಿ ಡ್ಯೂರೇಝಾ, ಮೊಂಡ್ಯೂಸ್ ಬ್ಲಾಂಶ್ ಎಂಬ ತಂದೆತಾಯಿಯನ್ನೂ ಹುಡುಕಿದರು. ಒಂದು ಕಪ್ಪು, ಒಂದು ಬಿಳಿ. 1832ರಲ್ಲಿ ಜೇಮ್ಸ್ ಬಸ್ಬಿ ಎಂಬಾತ ಇದರ ಕಡ್ಡಿಗಳನ್ನು ಆಸ್ಟ್ರೇಲಿಯಾಕ್ಕೆ ಒಯ್ದ. ನಮ್ಮಲ್ಲಿ ಹೆಣ್ಣು ನೋಡುವಾಗಲೂ ಇಷ್ಟು ಜಾತಕ ಕೇಳುವುದಿಲ್ಲ.

ಅಷ್ಟರಲ್ಲಿ ಹಿಂದಿನಿಂದ ದನಿ ಬಂತು. ‘ಎಂತದೋ ಅದು?’

ಅಮ್ಮ. ಎಂಬತ್ತೆರಡು ವರ್ಷ. ಲೋಟ ಮುಚ್ಚಿಡುವ ಗಡಿಬಿಡಿಯಲ್ಲಿ ನನ್ನ ಬಿಳಿ ಪಂಚೆಯ ಮೇಲೆ ಅಂಗೈಯಗಲ ಚೆಲ್ಲಿತು. ಮೊಮ್ಮಗನ ಕೈಯಲ್ಲಿದ್ದ ಲೋಟಕ್ಕೆ ಬಗ್ಗಿ ಒಂದೇ ಸಲ ಮೂಸಿದಳು.

‘ಕಷಾಯವನಾ? ಮೆಣಸಿನಕಾಳು ಜಾಸ್ತಿಯಾತು.’

ಒಳಗೆ ಹೋದಳು.

ನಾಲ್ಕು ಸಲ ಒಗೆದರೂ ಪಂಚೆಯ ಕಲೆ ಹೋಗಿಲ್ಲ. ಉಳಿದ ಶಿರಾಜ್ ಫ್ರಿಜ್ಜಿನಲ್ಲಿದೆ. ನಿಮಗೂ ಯಾರಾದರೂ ತಂದುಕೊಟ್ಟರೆ ಕುಡಿಯುವ ಮೊದಲು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಕೋಣೆಯ ಉಷ್ಣಾಂಶದಲ್ಲೇ ಕುಡಿಯಬೇಕೆಂದು ಹೇಳಿದವರ ಕೋಣೆ ಯುರೋಪಿನದು, ಏಪ್ರಿಲ್ ತಿಂಗಳ ನಮ್ಮದಲ್ಲ.