ಕಾರಿಲ್ಲದ ಕಾರ್ಡು

(2024ರ ನವೆಂಬರ್. ತೆರಕಣಾಂಬಿಯ ಟೀ ಅಂಗಡಿ. ಬೆಂಚಿಗೆ ಮೂರೇ ಕಾಲು. ಬಿಪಿಎಲ್ ರೇಷನ್ ಕಾರ್ಡಿಗೆ ಇರುವಂತೆ ಅದಕ್ಕೂ ಏನೋ ಮಾನದಂಡ ಇರಬೇಕು.)

ಸಿದ್ದಕ್ಕ: ಮಾದಣ್ಣೋ, ನಾನು ಸಾವ್ಕಾರ್ತಿ ಆಗ್ಬುಟ್ಟಿ ಕನಣ್ಣ!

ಮಾದಣ್ಣ: ಟಮಾಟ ರೇಟು ಏರ್ತಾ?

ಸಿದ್ದಕ್ಕ: ಇಲ್ಲ, ರೇಸನ್ ಕಾರ್ಡು ಇಳೀತು. ಸೊಸೈಟೀಲಿ ಬೆಟ್ಟು ಒತ್ತುದ್ರೆ ರದ್ದು ಅಂದ್ರು.

ಮಾದಣ್ಣ: ವೈಟ್‌ಬೋರ್ಡ್ ಕಾರು ಮಡಗಿದ್ದೀಯಾ?

ಸಿದ್ದಕ್ಕ: ಬೋಡು ಮಂಡೆ ಯಜಮಾನ ಅವ್ನೆ, ಅಷ್ಟೇಯ.

ಮಾದಣ್ಣ: ಏಳೂವರೆ ಎಕರೆ ಜಮೀನು?

ಸಿದ್ದಕ್ಕ: ನಮ್ಮನೇಲಿ ಏಳೂವರೆ ಅನ್ನಾದು ಶನಿ ಒಬ್ನೇ.

ಮಾದಣ್ಣ: ಅಂಗಾರೆ ವರುಮಾನ 1.20 ಲಕ್ಷ ದಾಟದೆ! ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349. (ಬಿಸ್ಕತ್ ಪೊಟ್ಟಣದ ಮೇಲೆ ಗುಣಿಸಿ) 365 ದಿನ ಮಂಕ್ರಿ ಹೊತ್ರೆ 1,27,385. ನೋಡು, ಸಿರಿವಂತೆ!

ಸಿದ್ದಕ್ಕ: ಅವ್ರು ಕೊಡಾದೇ 100 ದಿನ ಕನಣ್ಣ.

ಮಾದಣ್ಣ: ಸದ್ಯ! ನಿನ್ ಬಡತನ ಕಾಪಾಡವ್ರೆ.

ಮೇಷ್ಟ್ರು: ಮಗ ಐಟಿ ರಿಟರ್ನ್ ಹಾಕಿದ್ನಾ, ಸಿದ್ದಮ್ಮ?

ಸಿದ್ದಕ್ಕ: ಹಸಾ ತರಾಕೆ ಸಾಲ ಕೇಳುದ್ರೆ, ಅದು ಬೇಕು ಅಂದ್ರು. ಹಾಕ್ಸುದ.

ಮೇಷ್ಟ್ರು: ಅದೇ! ಅವನು ರಿಟರ್ನ್ ಹಾಕ್ದ, ಇವರು ಕಾರ್ಡು ರಿಟರ್ನ್ ತಗೊಂಡ್ರು. ಸಾಲ ಬಂತಾ?

ಸಿದ್ದಕ್ಕ: ಎಲ್ಲಿ ಬಂತು ಸಾ? ‘ನಿಮಗೆ ತೀರ್ಸೋ ತಾಕತ್ತಿಲ್ಲ’ ಅಂದ್ಬುಟ್ರು.

ಮಾದಣ್ಣ: ಟೀ ಕಾಸು ಕೊಡವ್ವ ಸಾವ್ಕಾರ್ತಿ.

ಸಿದ್ದಕ್ಕ: ಟೀಗೆ ಬ್ಯಾಂಕ್‌ನೋರ ಮಾತೇ ಹಿಡ್ಕೊ ಕನಣ್ಣ. ಸಾಲ ಬರ್ಕೊ.